ಮರಳಿ ಬಂದವನಿಗೆ ಯಾವ ಕಲ್ಲು?

ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹಳೆಯ ಗುಡಿಯ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳನ್ನು ನಾವೆಲ್ಲ ಕಂಡವರೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಮೂರೇ ಅಂಕಗಳಲ್ಲಿ ಒಂದು ಬದುಕು ಭೂಮಿಯಿಂದ ಬಾನಿಗೆ ಏರಿ ಮುಗಿಯುತ್ತದೆ. ಕಡೆದವನ ಉಳಿ ಎಲ್ಲಿಯೂ ತಡವರಿಸಿಲ್ಲ, ನೋಡುವವನಿಗೂ ಸಂದೇಹ ಉಳಿಯುವುದಿಲ್ಲ. ಆದರೆ ಅದೇ ಕಾಳಗದಲ್ಲಿ ಸಾಯದೆ ಉಳಿದವನು ಏನಾದ? ಅವನ ಕೈಗೂ ರಕ್ತ ಮೆತ್ತಿತ್ತಲ್ಲವೇ? ಪಕ್ಕದಲ್ಲಿ ಬಿದ್ದವನ ಕೊನೆಯ ಮಾತನ್ನು ಕೇಳಿಸಿಕೊಂಡವನು ಅವನೇ ಅಲ್ಲವೇ? ಅವನು ಮನೆಗೆ ಬಂದ, ಎತ್ತು ಹೂಡಿದ, ಮುದಿಯಾದ, ಹೋದ. ಸತ್ತವನಿಗೆ ಸ್ವರ್ಗವನ್ನು ಕಡೆದುಕೊಟ್ಟ ನಾವು ಮರಳಿ ಬಂದವನಿಗೆ ಒಂದು ಅಂಗುಲ ಕಲ್ಲನ್ನೂ ಮೀಸಲಿಡಲಿಲ್ಲ.

ಯುದ್ಧದ ಕಥೆಗಳೆಲ್ಲ ಬಹುಮಟ್ಟಿಗೆ ಈ ಕಲ್ಲಿನ ದಾರಿಯನ್ನೇ ಹಿಡಿದಿವೆ. ಗೆದ್ದವರು ಯಾರು, ಮಡಿದವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಕಥೆ ಮುಗಿಯಿತು. ಬಾಹ್ಯಾಕಾಶದ ಸೈನ್ಯಗಳನ್ನೂ ನಕ್ಷತ್ರಗಳ ನಡುವಿನ ಸಮರಗಳನ್ನೂ ಕಲ್ಪಿಸುವ ವೈಜ್ಞಾನಿಕ ಕಾದಂಬರಿಗಳನ್ನು ಹುಡುಗರ ಓದು ಎಂದು ನಾವು ಬದಿಗಿಡುವುದಕ್ಕೂ ಇದೇ ಕಾರಣವಿರಬಹುದು. ಹೊಸ ಆಯುಧ, ಹೊಸ ಶತ್ರು, ಹಳೆಯ ಗೆಲುವು, ಅದರಲ್ಲಿ ಚಿಂತಿಸುವುದಕ್ಕೆ ಏನಿದೆ? ಆದರೆ ಆ ಪ್ರಕಾರದೊಳಗಿಂದಲೇ ಒಬ್ಬ ಲೇಖಕ ಹೊರಬಂದು, ನಮ್ಮ ಶಿಲ್ಪಿಗಳು ಕಡೆಯದೆ ಬಿಟ್ಟ ಆ ನಾಲ್ಕನೆಯ ಪಟ್ಟಿಕೆಯನ್ನು ಬರೆಯಲು ತನ್ನ ಆಯುಷ್ಯದ ಬಹುಭಾಗವನ್ನು ಕೊಟ್ಟರು. ಅವರ ಹೆಸರು ಜೋ ಹಾಲ್ಡೆಮನ್, ಆ ಕೃತಿ 1974ರಲ್ಲಿ ಪುಸ್ತಕವಾಗಿ ಬಂದ 'ದಿ ಫಾರೆವರ್ ವಾರ್'. ರಾಜಶೇಖರ ಭೂಸನೂರಮಠ, ಮನು ಅವರಂಥವರ ಮೂಲಕ ವೈಜ್ಞಾನಿಕ ಕಾದಂಬರಿಯ ರುಚಿ ಕಂಡ ಕನ್ನಡದ ಓದುಗರಿಗೆ ಈ ಅಮೆರಿಕದ ಲೇಖಕರು ಅಪರಿಚಿತರಿರಬಹುದು, ಆದರೆ ಅವರ ಪ್ರಶ್ನೆ ಅಪರಿಚಿತವಲ್ಲ. ಕಲಬುರಗಿಯಂಥ ಊರಿನಲ್ಲಿ, ಅದರಲ್ಲೂ ರೋಜಾದಂಥ ಬಡಾವಣೆಯಲ್ಲಿ ಬದುಕುವವರಿಗಂತೂ ಅದು ಪಕ್ಕದ ಮನೆಯ ಪ್ರಶ್ನೆ. ಏಕೆಂದು ಮುಂದೆ ನೋಡೋಣ.

ಹಾಲ್ಡೆಮನ್ ಹುಟ್ಟಿದ್ದು 1943ರಲ್ಲಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಮತ್ತು ಖಗೋಳವಿಜ್ಞಾನ ಓದಿ 1967ರಲ್ಲಿ ಪದವಿ ಪಡೆದರು. ಅದೇ ವರ್ಷ ಕಡ್ಡಾಯ ಸೇನಾ ಸೇವೆಯ ಕರೆ ಬಂತು. ದೂರದರ್ಶಕದ ಹಿಂದೆ ಕೂರಬೇಕಿದ್ದ ಯುವಕ ವಿಯೆಟ್ನಾಮಿನ ಮಧ್ಯದ ಗುಡ್ಡಗಾಡಿಗೆ ಸೇನೆಯ ಎಂಜಿನಿಯರಿಂಗ್ ದಳದ ಸಿಪಾಯಿಯಾಗಿ ಹೋದರು, 1968ರಲ್ಲಿ ತೀವ್ರವಾಗಿ ಗಾಯಗೊಂಡರು, ಗಾಯಾಳು ಯೋಧರಿಗೆ ಕೊಡುವ ಪದಕವನ್ನು ಪಡೆದು ಮರಳಿದರು. ಇಷ್ಟು ಸಂಗತಿಗಳು ಅಂದಿನ ಸಾವಿರಾರು ಅಮೆರಿಕನ್ ಯುವಕರ ಬದುಕಿಗೂ ಒಪ್ಪುತ್ತವೆ. ಅವರಿಗೆ ವಿಶಿಷ್ಟವಾಗಿ ಒದಗಿದ್ದು ಬೇರೆಯೇ ಒಂದು ಕೂಟ: ಕಾಲ ಎಲ್ಲರಿಗೂ ಒಂದೇ ವೇಗದಲ್ಲಿ ಹರಿಯುವುದಿಲ್ಲ ಎಂಬುದನ್ನು ತರಗತಿಯಲ್ಲಿ ಗಣಿತವಾಗಿ ಕಲಿತವರು, ಅದನ್ನೇ ಯುದ್ಧಭೂಮಿಯಿಂದ ಮನೆಗೆ ಬಂದು ಅನುಭವವಾಗಿ ಕಂಡರು. ಒಂದು ಸತ್ಯವನ್ನು ಬುದ್ಧಿಯಿಂದ ಅರಿತವರಿದ್ದಾರೆ, ನೋವಿನಿಂದ ಅರಿತವರಿದ್ದಾರೆ. ಎರಡೂ ಬಗೆಯಲ್ಲಿ ಅರಿತವರು ಎಷ್ಟು ಮಂದಿ?

ಐನ್‌ಸ್ಟೈನರ ಸಿದ್ಧಾಂತದ ಪ್ರಕಾರ ಬೆಳಕಿನ ವೇಗದ ಹತ್ತಿರಹತ್ತಿರ ಸಾಗುವವನಿಗೆ ಕಾಲ ನಿಧಾನವಾಗುತ್ತದೆ. ಇದು ಬರಿಯ ಕಲ್ಪನೆಯಲ್ಲ, ಮೊಬೈಲಿನಲ್ಲಿ ನಮಗೆ ದಾರಿ ತೋರಿಸುವ ಉಪಗ್ರಹಗಳ ಗಡಿಯಾರಗಳಿಗೂ ಸಾಪೇಕ್ಷತೆಯ ಲೆಕ್ಕದಿಂದ ತಿದ್ದುಪಡಿ ಮಾಡಬೇಕಾಗುತ್ತದೆ. ಹಾಲ್ಡೆಮನ್ ಅವರ ನಾಯಕ ವಿಲಿಯಂ ಮಾಂಡೆಲ್ಲಾ ಭೌತವಿಜ್ಞಾನ ಓದಿದವನು. ಅವನನ್ನೂ ಅವನಂಥ ಅತಿ ಬುದ್ಧಿವಂತ ತರುಣ ತರುಣಿಯರನ್ನೂ ಹಿಡಿದು ಸೇನೆಗೆ ಸೇರಿಸುತ್ತಾರೆ, ಟಾರನ್ನರೆಂಬ ಅನ್ಯಲೋಕದ ಜೀವಿಗಳೊಡನೆ ಕಾದಾಡಲು ನಕ್ಷತ್ರಗಳಾಚೆ ಕಳುಹಿಸುತ್ತಾರೆ. ಅವನಿಗೆ ಹೋಗಿ ಬರಲು ಹಿಡಿಯುವುದು ಎರಡು ವರ್ಷದ ಆಸುಪಾಸು, ಭೂಮಿಯಲ್ಲಿ ಕಳೆಯುವುದು 27 ವರ್ಷ. ಮುಂದಿನ ಪಯಣಗಳಲ್ಲಿ ಅಂತರ ಶತಮಾನಗಳಿಗೆ ಬೆಳೆಯುತ್ತದೆ. ಯುದ್ಧ ಮುಗಿಯುವ ಹೊತ್ತಿಗೆ ಭೂಮಿಯ ಪಂಚಾಂಗದಲ್ಲಿ 1143 ವರ್ಷ ಸರಿದಿರುತ್ತವೆ, ಅವನಿನ್ನೂ ನಡುವಯಸ್ಸು ಮುಟ್ಟಿರುವುದಿಲ್ಲ.

ನಮ್ಮ ಪುರಾಣ ಬಲ್ಲವರಿಗೆ ಇಲ್ಲಿ ಕಕುದ್ಮಿ ನೆನಪಾಗದೆ ಇರಲಾರ. ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ ದೊರೆ, ಅಲ್ಲಿ ಸಂಗೀತ ಮುಗಿಯುವವರೆಗೆ ಕ್ಷಣಕಾಲ ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಉರುಳಿದ್ದವು ಎನ್ನುತ್ತದೆ ಭಾಗವತ. ಅವನ ಮನಸ್ಸಿನಲ್ಲಿದ್ದ ವರಗಳೂ ಇಲ್ಲ, ಅವರ ಮೊಮ್ಮಕ್ಕಳೂ ಇಲ್ಲ. ಮಗಳನ್ನು ಬಲರಾಮನ ಕೈಗಿತ್ತು ಅವನು ಮಾಡಿದ್ದೇನು? ಬದರಿಗೆ ತಪಸ್ಸಿಗೆ ಹೊರಟುಹೋದ. ಹೊಸ ಯುಗದಲ್ಲಿ ಮಗಳಿಗೆ ಮನೆ ಸಿಕ್ಕಿತು, ತಂದೆಗೆ ಸಿಗಲಿಲ್ಲ. ಈ ಕಥೆಯನ್ನು ನಾವು ಕಾಲದ ಅಗಾಧತೆಗೆ ದೃಷ್ಟಾಂತವೆಂದು ಹೇಳಿಕೊಂಡು ಬಂದಿದ್ದೇವೆ. ಅದರೊಳಗೆ ಒಬ್ಬ ಒಂಟಿ ಮುದುಕನ ಅಳಲೂ ಇದೆ ಎಂಬುದನ್ನು ಗಮನಿಸಿದ್ದೇವೆಯೇ? ರಾಜ್ಯವಿದ್ದೂ ಊರಿಲ್ಲದವನಾಗುವುದು, ಬದುಕಿದ್ದೂ ಸಮಕಾಲೀನರಿಲ್ಲದವನಾಗುವುದು ಎಂಥ ಶಿಕ್ಷೆ?

ಮಾಂಡೆಲ್ಲಾನ ಶಿಕ್ಷೆ ಅದೇ. ಅವನ ಖಾತೆಯಲ್ಲಿ ದಶಕಗಳ ಸಂಬಳ ಬಡ್ಡಿಯೊಡನೆ ಬೆಳೆದು ನಿಂತಿದೆ, ಕೊಳ್ಳುವುದಕ್ಕೆ ಬೇಕಾದ ಬದುಕು ಮಾತ್ರ ಅಂಗಡಿಯಲ್ಲಿಲ್ಲ. ತಂದೆ ಇಲ್ಲ, ತಾಯಿ ಮುದುಕಿ, ತಮ್ಮ ಅಣ್ಣನಿಗಿಂತ ಹಿರಿಯನಾಗಿದ್ದಾನೆ. ಊಟ, ಉಡುಗೆ, ಕಾನೂನು, ಪ್ರೀತಿಯ ರೀತಿನೀತಿ ಎಲ್ಲವೂ ಬೇರೆ. ಕೊನೆಗೆ ಅವನೂ ಗೆಳತಿ ಮೇರಿಗೇಯೂ ಮತ್ತೆ ಸೇನೆಗೇ ಸೇರುತ್ತಾರೆ. ಯುದ್ಧದ ಮೇಲಿನ ಪ್ರೀತಿಯಿಂದಲ್ಲ, ತಮ್ಮ ಭಾಷೆ ಅರ್ಥವಾಗುವ ಜನ ಅಲ್ಲಿ ಮಾತ್ರ ಉಳಿದಿದ್ದಾರೆಂಬ ಕಾರಣದಿಂದ. ಈ ಕಾದಂಬರಿಯ ಅತ್ಯಂತ ಕಠೋರವಾದ ಮಾತು ಇಲ್ಲಿದೆಯೆಂದು ನಮಗನ್ನಿಸುತ್ತದೆ. ಮನುಷ್ಯನನ್ನು ರಣರಂಗಕ್ಕೆ ತಳ್ಳುವುದು ಯಾವಾಗಲೂ ವೈರವೇ ಆಗಬೇಕಿಲ್ಲ, ಮನೆಯ ಅಪರಿಚಿತತೆಯೂ ತಳ್ಳಬಲ್ಲದು.

ಇಂಥ ಪುಸ್ತಕ ಸುಲಭವಾಗಿ ಹೊರಬರಲಿಲ್ಲ. ಹದಿನೆಂಟು ಪ್ರಕಾಶಕರು ಹಿಂದಿರುಗಿಸಿದರೆಂದು ಹಾಲ್ಡೆಮನ್ ಅವರೇ ಹೇಳಿಕೊಂಡಿದ್ದಾರೆ. ವಿಯೆಟ್ನಾಮಿನ ನೆರಳು ಬಿದ್ದ ವೈಜ್ಞಾನಿಕ ಕಾದಂಬರಿ ಆ ಹೊತ್ತಿನಲ್ಲಿ ಯಾರಿಗೂ ಬೇಕಿರಲಿಲ್ಲ. 'ಅನಲಾಗ್' ಪತ್ರಿಕೆಯಲ್ಲಿ ಬಿಡಿಬಿಡಿ ಭಾಗಗಳಾಗಿ ಬಂದಾಗಲೂ, ನಾಯಕ ಮನೆಗೆ ಮರಳುವ ನಡುವಿನ ಭಾಗ ತೀರ ನಿರಾಶಾದಾಯಕವೆಂದು ಸಂಪಾದಕರಿಗೆ ಕಂಡಿತು, ಲೇಖಕರು ಅದರ ಜಾಗದಲ್ಲಿ ಹಗುರವಾದ ಇನ್ನೊಂದನ್ನು ಬರೆದುಕೊಟ್ಟರು. ಮೂಲ ಭಾಗ ಪುಸ್ತಕದೊಳಗೆ ತನ್ನ ಜಾಗಕ್ಕೆ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಕಾಳಗದ ವರ್ಣನೆಗಳಿಗೆ ಯಾರ ತಕರಾರೂ ಇರಲಿಲ್ಲ, ರಕ್ತಪಾತ ಅಚ್ಚಾಯಿತು. ಅಚ್ಚಿಗೆ ಕಷ್ಟವಾದದ್ದು ಮನೆಯ ಹೊಸಿಲಿನ ವರ್ಣನೆ. ಸಾವನ್ನು ಓದಬಲ್ಲ ಸಮಾಜ ಮರಳುವಿಕೆಯನ್ನು ಓದಲು ಅಂಜಿದ್ದೇಕೆ? ಸಾವಿನ ಹೊಣೆಯನ್ನು ಶತ್ರುವಿನ ಮೇಲೆ ಹೊರಿಸಬಹುದು, ಮನೆಯಲ್ಲಿ ಜಾಗವಿಲ್ಲದಿರುವುದರ ಹೊಣೆಯನ್ನು ಯಾರ ಮೇಲೆ ಹೊರಿಸೋಣ?

ಭವಿಷ್ಯದ ಯುದ್ಧವನ್ನು ಕಲ್ಪಿಸುವ ಪರಂಪರೆಯ ಆದಿಯಲ್ಲಿಯೇ ಒಬ್ಬ ಮರಳಿ ಬಂದವನಿದ್ದಾನೆ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. 1871ರಲ್ಲಿ ಇಂಗ್ಲೆಂಡನ್ನು ಬೆಚ್ಚಿಬೀಳಿಸಿದ 'ದಿ ಬ್ಯಾಟಲ್ ಆಫ್ ಡಾರ್ಕಿಂಗ್' ಬರೆದ ಜಾರ್ಜ್ ಚೆಸ್ನಿ ನಮ್ಮ ದೇಶದಲ್ಲಿ ಕೆಲಸ ಮಾಡಿದ ಸೇನಾ ಎಂಜಿನಿಯರ್, 1857ರ ದಿಲ್ಲಿಯ ಮುತ್ತಿಗೆಯಲ್ಲಿ ಗಾಯಗೊಂಡಿದ್ದವರು. ಅವರ ಕಥೆಯಲ್ಲಿ ಸೋತ ಯುದ್ಧವನ್ನು ಹೇಳುವವನು ಅದರಲ್ಲಿ ಬದುಕುಳಿದ ಮುದುಕ, ಕೇಳುವವರು ಮೊಮ್ಮಕ್ಕಳು. ಆಮೇಲೆ ಬಂದವರು ಆ ಮುದುಕನನ್ನು ಮರೆತು ಆಯುಧಗಳನ್ನು ಮಾತ್ರ ಹಿಡಿದುಕೊಂಡರು. 1959ರಲ್ಲಿ ರಾಬರ್ಟ್ ಹೈನ್‌ಲೈನ್ 'ಸ್ಟಾರ್‌ಶಿಪ್ ಟ್ರೂಪರ್ಸ್' ಬರೆದಾಗ ಬಾಹ್ಯಾಕಾಶದ ಸೈನಿಕನಿಗೆ ಒಂದು ಘನತೆ ಬಂತು. ನೌಕಾ ಅಕಾಡೆಮಿಯಲ್ಲಿ ತರಬೇತಾಗಿ, ಕ್ಷಯರೋಗದಿಂದ 1934ರಲ್ಲಿ ಸೇವೆ ಬಿಡಬೇಕಾದ ಹೈನ್‌ಲೈನ್ ರಣರಂಗ ಕಂಡವರಲ್ಲ. ಸೇವೆ ಸಲ್ಲಿಸಿದವನಿಗೆ ಮಾತ್ರ ಮತದಾನದ ಹಕ್ಕಿರುವ ರಾಜ್ಯವನ್ನು ಅವರು ಕಲ್ಪಿಸಿದರು. ನಾಡಿಗೆ ನೀನು ಏನು ಕೊಟ್ಟೆ ಎಂಬುದು ಅವರ ಪ್ರಶ್ನೆ. ಕೊಟ್ಟು ಬಂದವನಿಗೆ ನಾಡು ಏನು ಉಳಿಸಿಟ್ಟಿದೆ ಎಂಬುದು ಹಾಲ್ಡೆಮನ್ ಅವರ ಪ್ರಶ್ನೆ. ಒಂದನ್ನು ಮೆಚ್ಚಿ ಇನ್ನೊಂದನ್ನು ತೆಗಳುವ ಅಗತ್ಯ ನಮಗಿಲ್ಲ. ಆದರೆ ಮೊದಲನೆಯದನ್ನು ಕೇಳುವವರು ಎರಡನೆಯದಕ್ಕೆ ಕಿವಿಗೊಡದಿದ್ದರೆ ಕರ್ತವ್ಯದ ಮಾತು ಏಕಪಕ್ಷೀಯವಾಗದೆ?

ಕತ್ತಿ ಹಿಡಿದ ಕೈಯೇ ಲೇಖನಿಯನ್ನೂ ಹಿಡಿಯುವುದು ಕನ್ನಡಕ್ಕೆ ಹೊಸದಲ್ಲ. ನಮ್ಮ ಆದಿಕವಿ ಪಂಪ ಕವಿಯೂ ಹೌದು, ಕಲಿಯೂ ಹೌದು. 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ಮುಗಿಸಿದ ಆ ಯೋಧ ಒಡೆಯನ ಗೆಲುವನ್ನು ಹಾಡಬೇಕಾದ ಕಾವ್ಯದಲ್ಲಿ ಸೋತ ಕರ್ಣನಿಗೆ ಎಂಥ ಎತ್ತರ ಕೊಟ್ಟ! ಅದೇ ಶತಮಾನದ ರನ್ನ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಎಲ್ಲರೂ ಸತ್ತ ಮೇಲೆ ಹೆಣಗಳ ನಡುವೆ ನಡೆದು ಹೋಗುವ ದುರ್ಯೋಧನನನ್ನು ಅವನು ನಮಗೆ ತೋರಿಸಿದ. ಗುರು ಬಿದ್ದಿದ್ದಾನೆ, ತಮ್ಮ ಬಿದ್ದಿದ್ದಾನೆ, ಗೆಳೆಯ ಬಿದ್ದಿದ್ದಾನೆ, ಉಳಿದವನು ಪ್ರತಿಯೊಬ್ಬರ ಮುಂದೆಯೂ ನಿಲ್ಲಬೇಕಾಗಿದೆ. ಹಗೆಯವನೆಂದು ನಾವು ತಿಳಿದಿದ್ದ ಮನುಷ್ಯ ಆ ನಡಿಗೆಯಲ್ಲಿ ನಮ್ಮವನಾಗುತ್ತಾನೆ. ಆದರೂ ದುರ್ಯೋಧನನ ನಡಿಗೆ ಕೊನೆಗೊಳ್ಳುವುದು ವೈಶಂಪಾಯನ ಸರೋವರದಲ್ಲಿ, ಭೀಮನ ಗದೆಯಲ್ಲಿ. ಅವನಿಗೂ ಮನೆಗೆ ಹೋಗುವ ಕಷ್ಟ ಬರಲಿಲ್ಲ.

ಹಾಗಾದರೆ ಮರಳಿ ಬಂದವನ ದನಿ ನಮ್ಮ ಶಾಸನಗಳಲ್ಲಿ ಎಲ್ಲಿಯೂ ಇಲ್ಲವೇ? ಒಂದು ಕಡೆ ಇದೆ, ಅದೂ ನಮ್ಮ ಜಿಲ್ಲೆಯ ನೆಲಕ್ಕೆ ನಂಟಿರುವ ಯುದ್ಧದ ಬೆನ್ನಲ್ಲೇ. ಸೇಡಂ ತಾಲ್ಲೂಕಿನ ಮಳಖೇಡ, ಅಂದಿನ ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗನ ನೆರವಿನಿಂದ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನನ್ನು ಒಡೆಯ ಮೆಚ್ಚಿ, ಬೇಕಾದ್ದನ್ನು ಬೇಡಿಕೋ ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ಆತಕೂರಿನಲ್ಲಿ ಅದಕ್ಕೊಂದು ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. 949ರ ಸುಮಾರಿನ ಆ ಶಾಸನವನ್ನು ಚರಿತ್ರಕಾರರು ತಕ್ಕೋಲದ ಯುದ್ಧಕ್ಕೆ ಆಧಾರವೆಂದು ಓದುತ್ತಾರೆ, ನಾವು ಕನ್ನಡಿಗರ ಪ್ರಾಣಿಪ್ರೀತಿಗೆ ಸಾಕ್ಷಿಯೆಂದು ಹೆಮ್ಮೆಪಡುತ್ತೇವೆ. ಇನ್ನೊಂದು ಬಗೆಯಲ್ಲಿಯೂ ಓದಲಾಗದೇ? ರಾಜರು ಸತ್ತ ಮಹಾಯುದ್ಧದಿಂದ ಮರಳಿದ ಮನುಷ್ಯನೊಬ್ಬ, ಬೇಡಿದ್ದೆಲ್ಲ ಸಿಗುವ ಗಳಿಗೆಯಲ್ಲಿ, ಒಂದು ನಾಯಿಯ ಜೊತೆಯನ್ನು ಮಾತ್ರ ಬೇಡಿದ. ಆ ಆಯ್ಕೆಯ ಹಿಂದೆ ಏನಿತ್ತೋ ಕಲ್ಲು ಹೇಳುವುದಿಲ್ಲ. ಆದರೆ ಯುದ್ಧದಿಂದ ಮರಳಿದವರ ಬೇಡಿಕೆ ನಾವು ಊಹಿಸುವಷ್ಟು ದೊಡ್ಡದಲ್ಲ, ನಾವು ಊಹಿಸುವಂಥದ್ದೂ ಅಲ್ಲ ಎಂಬುದನ್ನಂತೂ ಅದು ಹೇಳುತ್ತದೆ.

ಕಾದಂಬರಿಯ ಕೊನೆಯಲ್ಲಿ ಇನ್ನೊಂದು ಆಘಾತ ಕಾದಿದೆ. ಸಾವಿರ ವರ್ಷ ನಡೆದ ಆ ಯುದ್ಧ ಶುರುವಾದದ್ದು ಒಂದು ತಪ್ಪಿನಿಂದ. ಮನುಷ್ಯರ ಕೆಲವು ಹಡಗುಗಳು ಅಪಘಾತಕ್ಕೀಡಾಗಿದ್ದವು, ಟಾರನ್ನರು ಅಲ್ಲಿ ಕಂಡರು, ಅಪರಾಧಿಗಳೆಂಬ ತೀರ್ಮಾನವಾಯಿತು, ಗುಂಡು ಹಾರಿತು. ಟಾರನ್ನರಿಗೆ ತಾವೇಕೆ ಕೊಲ್ಲಲ್ಪಡುತ್ತಿದ್ದೇವೆಂದೇ ತಿಳಿದಿರಲಿಲ್ಲ. ಇಬ್ಬರ ನಡುವೆ ಮಾತು ಸಾಧ್ಯವಾದ ದಿನ, ಆರಂಭಿಸಿದ್ದು ಯಾರೆಂಬ ಪ್ರಶ್ನೆಗೆ ಇಬ್ಬರ ಬಳಿಯೂ ಉತ್ತರವಿರಲಿಲ್ಲ, ಯುದ್ಧ ಅಲ್ಲಿಗೇ ನಿಂತಿತು. ಇದು ಕಾದಂಬರಿಕಾರನ ಕುಚೋದ್ಯ ಎನ್ನುವವರು ಕಲಬುರಗಿಯ ಕೋಟೆಯನ್ನೊಮ್ಮೆ ಸುತ್ತಿ ಬರಲಿ.

ಬಹಮನಿ ಸುಲ್ತಾನ ಮೊದಲನೆಯ ಮುಹಮ್ಮದ್ ಶಾಹನಿಗೂ ವಿಜಯನಗರದ ಬುಕ್ಕರಾಯನಿಗೂ 1366ರಲ್ಲಿ ಹತ್ತಿಕೊಂಡ ಯುದ್ಧಕ್ಕೆ ಕಿಡಿಯಾದದ್ದು ಏನೆಂದು ಫಿರಿಸ್ತಾ ಬರೆದಿದ್ದಾನೆ. ಅರಮನೆಯಲ್ಲಿ ಹಾಡಿದ ಗಾಯಕರನ್ನು ಮೆಚ್ಚಿದ ಸುಲ್ತಾನ, ಅವರ ಸಂಭಾವನೆಯನ್ನು ವಿಜಯನಗರದ ಖಜಾನೆಯಿಂದ ಕೊಡಿಸುವಂತೆ ಚೀಟಿ ಬರೆಸಿದ. ಅದನ್ನು ತಂದವನನ್ನು ಬುಕ್ಕರಾಯ ಕತ್ತೆಯ ಮೇಲೆ ಕೂರಿಸಿ ಮೆರೆಸಿ ಕಳಿಸಿದ. ಮುದಗಲ್ಲು ಬಿತ್ತು, ತುಂಗಭದ್ರೆ ಕೆಂಪಾಯಿತು, ಮಕ್ಕಳು ಹೆಂಗಸರೆನ್ನದೆ ಜನ ಸತ್ತರು. ಕೊನೆಗೆ ರಾಯಭಾರಿಗಳು ಬಂದು ಮಾತಾಡಿದರು. ಗಾಯಕರ ಹಣವನ್ನು ಅಲ್ಲಿಯೇ ತೆತ್ತರು. ಇನ್ನು ಮುಂದೆ ಆಯುಧ ಹಿಡಿಯದವರನ್ನು ಕೊಲ್ಲಕೂಡದೆಂಬ ಒಪ್ಪಂದವಾಯಿತು. ಫಿರಿಸ್ತಾ ಆ ಕಾಲಕ್ಕೆ ಎರಡು ಶತಮಾನ ಈಚೆಯವನು, ಅವನ ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆ ಉಂಟು. ರಾಯಚೂರು ದೋಆಬಿನ ಫಲವತ್ತಾದ ನೆಲವೇ ನಿಜವಾದ ಕಾರಣವೆಂದು ಚರಿತ್ರಕಾರರು ಹೇಳುವುದೂ ಸರಿಯೇ. ಆದರೂ ಹಾಡಿನ ಕೂಲಿಗೆ ಹುಟ್ಟಿದ ಜಗಳ ಹಾಡಿನ ಕೂಲಿ ಸಂದಾಯವಾದಾಗಲೇ ಮುಗಿಯಿತು ಎಂಬ ಈ ಕಥೆಯಲ್ಲಿ, ನಡುವೆ ಬಿದ್ದ ಹೆಣಗಳನ್ನು ಯಾವ ಲೆಕ್ಕಕ್ಕೆ ಬರೆಯೋಣ? ಮೊದಲ ದಿನವೇ ಆಡಬಹುದಾಗಿದ್ದ ಮಾತನ್ನು ಕೊನೆಯ ದಿನ ಆಡುವುದಕ್ಕೆ ಮನುಷ್ಯರು ಇಷ್ಟೊಂದು ಬೆಲೆ ತೆರುತ್ತಾರೆಯೇ? ಕೋಟೆಯೊಳಗಿನ ಜಾಮಿ ಮಸೀದಿ ಪೂರ್ಣವಾದದ್ದು 1367ರಲ್ಲಿ. ಅಂದರೆ ಒಂದೇ ಆಳ್ವಿಕೆಯ ಅದೇ ದಿನಗಳಲ್ಲಿ ಪ್ರಾರ್ಥನೆಯ ಕಮಾನುಗಳೂ ಏಳುತ್ತಿದ್ದವು, ಊರುಗಳೂ ಉರಿಯುತ್ತಿದ್ದವು.

ಯುದ್ಧ ಅಟ್ಟಿದವರಿಗೆ ನೆಲೆ ಕೊಟ್ಟ ನೆನಪೂ ಇದೇ ಊರಿಗಿದೆ. ರೋಜಾದ ನಡುವೆ ಮಲಗಿರುವ ಖ್ವಾಜಾ ಬಂದೇನವಾಜರು ಸುಖದಿಂದ ಪ್ರಯಾಣ ಮಾಡಿಕೊಂಡು ಬಂದವರಲ್ಲ. 1398ರಲ್ಲಿ ತೈಮೂರನ ದಂಡು ದಿಲ್ಲಿಯನ್ನು ಸಮೀಪಿಸುತ್ತಿದ್ದಾಗ ಊರು ಬಿಟ್ಟವರು ಅವರು. ದಖ್ಖನಿಗೆ ಬಂದು, ಫಿರೋಜ್ ಶಾಹನ ಕಲಬುರಗಿ ಸೇರುವ ಹೊತ್ತಿಗೆ ಎಂಬತ್ತರ ಆಸುಪಾಸಿನಲ್ಲಿದ್ದರು. ಆ ವಯಸ್ಸಿನಲ್ಲಿ ಮನುಷ್ಯ ಹೊಸದನ್ನು ಕಟ್ಟುತ್ತಾನೆಂದು ಯಾರು ನಂಬುತ್ತಾರೆ? ಆದರೆ 1422ರಲ್ಲಿ ತೀರಿಕೊಳ್ಳುವವರೆಗೆ ಅವರು ಇಲ್ಲಿ ಬೋಧಿಸಿದರು, ಬರೆದರು, ಜನರ ಅಳಲು ಕೇಳಿದರು. ದೊರೆಯೊಡನೆ ಮನಸ್ತಾಪ ಬಂದಾಗಲೂ ಊರು ಅವರ ಕೈ ಬಿಡಲಿಲ್ಲ. ಅವರು ಸೈನಿಕರಲ್ಲ, ನಿಜ. ಆದರೆ ಯುದ್ಧದ ಧೂಳನ್ನು ಮೈಮೇಲೆ ಹೊತ್ತು, ತನ್ನದಲ್ಲದ ಊರಿಗೆ, ತನ್ನದಲ್ಲದ ಕಾಲಕ್ಕೆ ಬಂದಿಳಿದ ಮನುಷ್ಯನಿಗೆ ನೆಲೆ ಕೊಡುವುದೆಂದರೇನು ಎಂಬುದಕ್ಕೆ ರೋಜಾ ಆರು ಶತಮಾನಗಳಿಂದ ಉತ್ತರವಾಗಿ ನಿಂತಿದೆ. ದರ್ಗಾಕ್ಕೆ ಬರುವವರನ್ನು ಜಾತಿ ಕೇಳಿ ಒಳಗೆ ಬಿಡುವುದಿಲ್ಲ, ಹಾಗೆಯೇ ನಿನ್ನ ಕಾಲ ಯಾವುದೆಂದು ಕೇಳುವುದೂ ಇಲ್ಲ. ಮುದುಕರು, ಸೋತವರು, ಮಾತು ನಿಂತುಹೋದವರು ಅಲ್ಲಿ ಗೋಡೆಗೊರಗಿ ಗಂಟೆಗಟ್ಟಲೆ ಕೂರಬಲ್ಲರು. ನಮ್ಮ ಶರಣಬಸವೇಶ್ವರರ ಗುಡಿಯ ಅಂಗಳಕ್ಕೂ ಈ ಗುಣವಿದೆ. ಯಾವ ಯೋಜನೆಯೂ ಇಲ್ಲದೆ, ಯಾವ ಘೋಷಣೆಯೂ ಇಲ್ಲದೆ ಇಂಥ ಜಾಗಗಳು ಮಾಡುತ್ತಿರುವ ಕೆಲಸಕ್ಕೆ ನಾವು ಬೆಲೆ ಕಟ್ಟಿದ್ದೇವೆಯೇ?

ಹಾಲ್ಡೆಮನ್ ತಮ್ಮ ನಾಯಕನಿಗೆ ಕೊಟ್ಟ ಬಿಡುಗಡೆಯೂ ಇಂಥದ್ದೇ. ಮಾಂಡೆಲ್ಲಾ ಮತ್ತು ಮೇರಿಗೇ ಬೇರೆಬೇರೆ ದಳಗಳಿಗೆ ನಿಯುಕ್ತರಾಗಿ ಅಗಲುತ್ತಾರೆ. ಬೇರೆ ನಕ್ಷತ್ರಕ್ಕೆ ಹೋಗುವುದೆಂದರೆ ಬೇರೆ ಶತಮಾನಕ್ಕೆ ಹೋದಂತೆ, ಮತ್ತೆ ಕೂಡುವ ಲೆಕ್ಕವೇ ಇಲ್ಲ. ಯುದ್ಧ ಮುಗಿದ ಮೇಲೆ ಅವನ ಕೈಗೆ ಶತಮಾನಗಳ ಹಿಂದೆ ಅವಳು ಬರೆದಿಟ್ಟ ಒಂದು ಚೀಟಿ ಸಿಗುತ್ತದೆ. ಅವಳು ಮತ್ತೆ ಕೆಲವರೊಡನೆ ಸೇರಿ ಒಂದು ಹಡಗು ಕೊಂಡಿದ್ದಾಳೆ. ಅದು ಅತಿ ವೇಗದಲ್ಲಿ ಹೋಗಿ ಬರುತ್ತಲೇ ಇರುತ್ತದೆ, ಎಲ್ಲಿಗೂ ತಲುಪುವುದಕ್ಕಲ್ಲ, ಒಳಗಿರುವವರ ವಯಸ್ಸನ್ನು ನಿಧಾನಗೊಳಿಸುವುದಕ್ಕೆ. ಯಾವ ವಿಜ್ಞಾನ ಅವರನ್ನು ಅಗಲಿಸಿತ್ತೋ ಅದೇ ವಿಜ್ಞಾನವನ್ನು ಅವಳು ಕಾಯುವಿಕೆಗೆ ಬಗ್ಗಿಸಿಕೊಂಡಳು. ಮೇರಿಗೇ ಎಂಬುದು ಲೇಖಕರ ಪತ್ನಿಯದೇ ಹೆಸರು. ವಿಯೆಟ್ನಾಮಿಗೆ ಹೋಗುವ ಮೊದಲೇ ಅವರ ಮದುವೆಯಾಗಿತ್ತು, ಮರಳಿದವನಿಗೆ ಅವರೇ ಮನೆಯಾದರು.

ಕಾಯುವುದನ್ನು ನಾವು ಸಾಮಾನ್ಯವಾಗಿ ಏನೂ ಮಾಡದಿರುವುದೆಂದು ತಿಳಿಯುತ್ತೇವೆ. ಅದು ನಿಜವೇ? ತನ್ನ ಕಾಲವನ್ನು ಇನ್ನೊಬ್ಬನ ಕಾಲಕ್ಕೆ ಹೊಂದಿಸಿಕೊಳ್ಳುವುದಕ್ಕಿಂತ ದೊಡ್ಡ ದುಡಿಮೆ ಯಾವುದಿದೆ? ಮಾತು ಬಾರದೆ ಕುಳಿತವನ ಮುಂದೆ ಅವಸರಿಸದೆ ಕೂರುವುದು, ಅವನ ಹಳೆಯ ಮಾತನ್ನು ಹೊಸದೆಂಬಂತೆ ಕೇಳುವುದು, ಅವನಿಲ್ಲದಾಗ ಆದ ಬದಲಾವಣೆಗಳನ್ನು ಅಣಕಿಸದೆ ಒಂದೊಂದಾಗಿ ತಿಳಿಸುವುದು, ಇವೆಲ್ಲ ಕಾಲವನ್ನು ನಿಧಾನಗೊಳಿಸುವ ಕೆಲಸಗಳೇ. ಇದಕ್ಕೆ ನಕ್ಷತ್ರನೌಕೆ ಬೇಕಿಲ್ಲ. ಆದರೆ ತನ್ನ ವೇಗವನ್ನು ಬಿಟ್ಟುಕೊಡುವ ಮನಸ್ಸು ಬೇಕು, ಅದು ನೌಕೆಗಿಂತಲೂ ಅಪರೂಪ.

ಈ ಕಾದಂಬರಿಗೆ 1975ರಲ್ಲಿ ನೆಬ್ಯುಲಾ, 1976ರಲ್ಲಿ ಹ್ಯೂಗೋ ಪ್ರಶಸ್ತಿಗಳು ಬಂದವು. ಅದರಿಂದ ಲೇಖಕರ ಋಣ ತೀರಲಿಲ್ಲ. ಎಂಬತ್ತರ ದಶಕದಿಂದ 2014ರವರೆಗೆ ಎಂಐಟಿಯಲ್ಲಿ ಎಂಜಿನಿಯರುಗಳಾಗುವ ಮಕ್ಕಳಿಗೆ ಅವರು ಬರವಣಿಗೆ ಕಲಿಸಿದರು, ಆಯುಧ ಮಾಡಬಲ್ಲ ಕೈಗಳಿಗೆ ಕಥೆ ಬರೆಯುವುದನ್ನು ಹೇಳಿಕೊಟ್ಟರು. 1994ರಲ್ಲಿ '1968' ಎಂಬ ಕಾದಂಬರಿಯಲ್ಲಿ ಮತ್ತೆ ವಿಯೆಟ್ನಾಮಿಗೆ ಹೋದರು. 1997ರ 'ಫಾರೆವರ್ ಪೀಸ್'ನಲ್ಲಿ ಸೈನಿಕರು ರಣರಂಗಕ್ಕೆ ಹೋಗುವುದೇ ಇಲ್ಲ. ದೂರದ ಸುರಕ್ಷಿತ ಕೋಣೆಯಲ್ಲಿ ಕುಳಿತು, ಒಬ್ಬರ ಮನಸ್ಸಿಗೆ ಇನ್ನೊಬ್ಬರದನ್ನು ಬೆಸೆದುಕೊಂಡು, ಯಂತ್ರಗಳ ಮೂಲಕ ಕಾದಾಡುತ್ತಾರೆ. ಡ್ರೋನ್ ಎಂಬುದು ಮನೆಮಾತಾಗುವ ಮುಂಚೆಯೇ ಬರೆದ ಪುಸ್ತಕ ಅದು. ಅಲ್ಲಿಯ ಕಲ್ಪನೆಯ ಸೊಗಸು ಯಂತ್ರದಲ್ಲಿಲ್ಲ, ಇಲ್ಲಿದೆ: ಹಾಗೆ ಬೆಸೆದ ಮನಸ್ಸುಗಳು ಎರಡು ವಾರ ಬಿಡದೆ ಒಂದಾಗಿದ್ದರೆ, ಆಮೇಲೆ ಆ ಮನುಷ್ಯರಿಗೆ ಕೊಲ್ಲುವುದೇ ಸಾಧ್ಯವಾಗುವುದಿಲ್ಲ. ಇನ್ನೊಬ್ಬನ ಒಳಗನ್ನು ಬೇಕಾದಷ್ಟು ಹೊತ್ತು ಕಂಡವನು ಅವನನ್ನು ಕೊಲ್ಲಲಾರ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರದ ಎರಡು ಕಾದಂಬರಿಗಳೂ ಒಂದೇ ಕಡೆ ಬಂದು ನಿಲ್ಲುತ್ತವೆ. ಮಾತು ಸಾಧ್ಯವಾದಾಗ ಮೊದಲನೆಯದರ ಯುದ್ಧ ಮುಗಿಯುತ್ತದೆ, ಮನಸ್ಸು ಕಂಡಾಗ ಎರಡನೆಯದರದು.

ಹಾಗೆಂದು ಈ ಕೃತಿಗಳನ್ನು ಕಣ್ಣುಮುಚ್ಚಿ ಪೂಜಿಸಬೇಕಿಲ್ಲ. 'ಫಾರೆವರ್ ವಾರ್'ನಲ್ಲಿ ಸಲಿಂಗ ಪ್ರೇಮವನ್ನು ಜನಸಂಖ್ಯೆ ತಗ್ಗಿಸಲು ಸರ್ಕಾರ ಹೂಡಿದ ಉಪಾಯವೆಂಬಂತೆ, ಬೇಕೆಂದಾಗ ಬದಲಾಯಿಸಬಹುದಾದ ಸ್ವಭಾವವೆಂಬಂತೆ ಚಿತ್ರಿಸಿರುವುದು ಇಂದು ಒಪ್ಪತಕ್ಕದ್ದಲ್ಲ. ಸೇನೆಯಲ್ಲಿ ಹೆಣ್ಣುಮಕ್ಕಳ ಸಮಾನತೆಯನ್ನು ಹೇಳಹೊರಟವರು ಅವರ ದೇಹವನ್ನು ಸೇನೆಯ ಕಟ್ಟಳೆಗೆ ಒಪ್ಪಿಸಿದ್ದೂ ಮುಜುಗರ ತರುತ್ತದೆ. ಕಾಲ ಮನುಷ್ಯರನ್ನು ಹಿಂದೆ ಬಿಟ್ಟು ಹೋಗುತ್ತದೆ ಎಂದು ಬರೆದ ಪುಸ್ತಕವನ್ನು ಕಾಲವೇ ಕೆಲವು ಕಡೆ ಹಿಂದೆ ಬಿಟ್ಟಿದೆ. ಆದರೆ ಒಂದು ಪುಸ್ತಕ ಎಲ್ಲಿ ಹಳತಾಯಿತು ಎಂದು ನೋಡುವ ಕಣ್ಣೇ, ಅದು ಎಲ್ಲಿ ಹಳತಾಗಿಲ್ಲ ಎಂಬುದನ್ನೂ ನೋಡಬೇಕಲ್ಲವೇ?

ಹಳತಾಗದ ಭಾಗ ನಮ್ಮ ಬೀದಿಯಲ್ಲೇ ಇದೆ. ಹದಿನೈದು, ಹದಿನೇಳು ವರ್ಷ ಸೇವೆ ಮುಗಿಸಿದ ಜವಾನನೊಬ್ಬ ಊರಿಗೆ ಬರುವ ದಿನ ನಮ್ಮ ಹಳ್ಳಿಗಳಲ್ಲಿ ಏನಾಗುತ್ತದೆ? ತೆರೆದ ಜೀಪು, ಹಾರಗಳು, ಡೊಳ್ಳು, ಬಾವುಟ, ಭಾರತಮಾತೆಗೆ ಜೈಕಾರ. ಆ ಪ್ರೀತಿ ಸುಳ್ಳಲ್ಲ. ಆದರೆ ಮರುದಿನ? ನಲವತ್ತೂ ತುಂಬದ ಆ ಮನುಷ್ಯನಿಗೆ ತನ್ನ ಹೊಲದ ಬದು ಎಲ್ಲಿಗೆ ಸರಿದಿದೆಯೆಂದು ತಿಳಿಯದು. ಜೊತೆಗೆ ಓದಿದವರು ಬೆಂಗಳೂರು, ಪುಣೆ ಸೇರಿದ್ದಾರೆ. ಮಕ್ಕಳು ಅವನನ್ನು ರಜೆಗೆ ಬರುವ ಅತಿಥಿಯಾಗಿ ಕಂಡು ಬೆಳೆದಿದ್ದಾರೆ. ಕೆಲವು ತಿಂಗಳ ಮೇಲೆ ಅವನು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿರುತ್ತಾನೆ. ನಾವು ಚೀಟಿ ತುಂಬಲು ಅವನ ಪೆನ್ನು ಕೇಳುತ್ತೇವೆ, ಅವನನ್ನು ಏನೂ ಕೇಳುವುದಿಲ್ಲ. ಸಿಯಾಚಿನ್ನಿನ ಚಳಿ ಹೇಗಿತ್ತೆಂದು ಒಬ್ಬರಾದರೂ ಕೇಳಿದರೆ ಅದು ಕುತೂಹಲಕ್ಕೆ. ಅಲ್ಲಿಂದ ಬಂದ ಮೇಲೆ ಇಲ್ಲಿ ನಿದ್ದೆ ಬರುತ್ತದೆಯೇ ಎಂದು ಕೇಳುವವರು ಯಾರು?

2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆ ಈ ಪ್ರಶ್ನೆಗೆ ಇನ್ನಷ್ಟು ತುರ್ತು ತಂದಿದೆ. ನಾಲ್ಕು ವರ್ಷದ ಸೇವೆ, ಅದರ ಮೇಲೆ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಮುಂದುವರಿಕೆ. ಯೋಜನೆ ಸರಿಯೋ ತಪ್ಪೋ ಎಂಬ ವಾದ ಬಲ್ಲವರಿಗಿರಲಿ. ನಮಗೆ ಕಾಣುವ ಸಂಗತಿ ಸರಳವಾದದ್ದು: ಇನ್ನು ಮುಂದೆ ಮರಳಿ ಬರುವವರ ಸಂಖ್ಯೆ ಹೆಚ್ಚು, ವಯಸ್ಸು ಕಡಿಮೆ. ಹದಿನೆಂಟರಲ್ಲಿ ಹೋಗಿ ಇಪ್ಪತ್ತೆರಡರಲ್ಲಿ ಬಂದವನಿಗೆ ಆ ನಾಲ್ಕು ವರ್ಷ ನಾಲ್ಕೇ ಆಗಿರಬೇಕಿಲ್ಲ. ಆಳಂದದಲ್ಲೋ ಕಮಲಾಪುರದಲ್ಲೋ ಉಳಿದ ಅವನ ಗೆಳೆಯನ ಗಡಿಯಾರವೂ ಅವನದೂ ಒಂದೇ ಗಂಟೆ ತೋರಿಸುತ್ತವೆ ಎಂದು ನಾವು ಹೇಗೆ ನಂಬೋಣ? ಬೆಳಕಿನ ವೇಗ ಬೇಡ, ಒಂದು ರಾತ್ರಿಯ ಗಸ್ತು ಸಾಕು, ಇಬ್ಬರ ಕಾಲ ಬೇರೆಯಾಗಲು.

ಮುಪ್ಪು ಬಂದವರಿಗೆಲ್ಲ ಈ ನೋವಿನ ಒಂದು ಪಾಲು ಗೊತ್ತು. ನಾವು ಕಲಿತ ಸೌಜನ್ಯ ಹಳತಾಗುತ್ತದೆ, ನಾವು ಹಾಡಿದ ಹಾಡು ಮೊಮ್ಮಕ್ಕಳಿಗೆ ನಗು ತರುತ್ತದೆ, ನಮ್ಮ ಹೆಸರು ಹಿಡಿದು ಏಕವಚನದಲ್ಲಿ ಕರೆಯುವವರು ಒಬ್ಬೊಬ್ಬರಾಗಿ ಹೋಗುತ್ತಾರೆ. ಬದುಕಿದ್ದಷ್ಟು ದಿನ ಎಲ್ಲರೂ ತಮ್ಮ ಕಾಲದಿಂದ ಸ್ವಲ್ಪ ಸ್ವಲ್ಪವಾಗಿ ಗಡಿಪಾರಾಗುವವರೇ. ಆದರೆ ನಮಗೆ ಅದು ಅರವತ್ತು ವರ್ಷಗಳಲ್ಲಿ ಮೆಲ್ಲಗೆ ಆಗುತ್ತದೆ, ಒಗ್ಗಿಕೊಳ್ಳಲು ಬಿಡುವಿರುತ್ತದೆ. ಸೈನಿಕನಿಗೆ ಯೌವನದಲ್ಲೇ, ಒಮ್ಮೆಲೇ, ನಮ್ಮ ಪರವಾಗಿ ಆಗುತ್ತದೆ. ನಮ್ಮ ಪರವಾಗಿ ಎಂಬುದನ್ನು ಒತ್ತಿ ಹೇಳಬೇಕು. ಅವನನ್ನು ಕಳುಹಿಸಿದವರು ನಾವು, ಮತ ಹಾಕಿಯೋ, ತೆರಿಗೆ ಕೊಟ್ಟೋ, ಟಿವಿಯ ಮುಂದೆ ಕುಳಿತು ಚಪ್ಪಾಳೆ ತಟ್ಟಿಯೋ.

ಹಾಲ್ಡೆಮನ್ ಅವರ ಬದುಕು ಬರಹಗಳಿಂದ ನಾವು ತೆಗೆದುಕೊಳ್ಳಬೇಕಾದ್ದು ಯುದ್ಧ ಕೆಟ್ಟದ್ದೆಂಬ ಮಾತನ್ನಲ್ಲ, ಅದನ್ನು ಕಳಿಂಗದ ಅಶೋಕನೇ ಹೇಳಿಯಾಗಿದೆ. ದೇಶಕ್ಕೆ ಗಡಿಯಿರುವವರೆಗೆ ಕಾಯುವವರೂ ಬೇಕಾಗುತ್ತಾರೆ, ಅದನ್ನು ಅಲ್ಲಗಳೆಯುವುದು ಮನೆಯೊಳಗೆ ಬೆಚ್ಚಗೆ ಕುಳಿತವರಿಗೆ ಶೋಭಿಸುವುದಿಲ್ಲ. ತೆಗೆದುಕೊಳ್ಳಬೇಕಾದ್ದು ಒಂದು ಲೆಕ್ಕದ ಕ್ರಮವನ್ನು. ಯುದ್ಧದ ಖರ್ಚನ್ನು ಹಣದಲ್ಲಿ ಬರೆಯುತ್ತೇವೆ, ಹೆಣಗಳಲ್ಲಿ ಬರೆಯುತ್ತೇವೆ. ಮರಳಿ ಬಂದವರ ಮುಂದಿನ ವರ್ಷಗಳಲ್ಲಿ ಬರೆಯುವುದನ್ನು ಕಲಿತಿಲ್ಲ. ಆ ಮೂರನೆಯ ಕಲಮನ್ನು ಸೇರಿಸಿದ ದಿನ ಎರಡು ಬದಲಾವಣೆಗಳಾಗುತ್ತವೆ. ಕಳುಹಿಸುವ ಮುನ್ನ ಮಾತುಕತೆಗೆ ಇನ್ನೊಂದು ದಿನ, ಇನ್ನೊಬ್ಬ ರಾಯಭಾರಿ, ಇನ್ನೊಂದು ಪ್ರಯತ್ನ ಸಿಗುತ್ತದೆ, ಗಾಯಕರ ಕೂಲಿ ಮೊದಲೇ ಸಂದಾಯವಾಗುತ್ತದೆ. ಕಳುಹಿಸಿದ ಮೇಲೆ, ಬಂದವನಿಗೆ ಹಾರದ ಜೊತೆ ಕೆಲಸ, ಜೈಕಾರದ ಜೊತೆ ಕಿವಿ, ಪಿಂಚಣಿಯ ಜೊತೆ ಒಂದು ಸಮಕಾಲೀನತೆ ಸಿಗುತ್ತದೆ.

ಅವನು ಏನು ಬೇಡುತ್ತಾನೋ ನಾವು ಮೊದಲೇ ನಿರ್ಧರಿಸಿಬಿಡುವುದೂ ಬೇಡ. ಮಣಲೇರ ಬೇಡಿದ್ದನ್ನು ಅವನ ಕಾಲದ ಯಾವ ಪಂಡಿತನೂ ಊಹಿಸಿರಲಾರ. ಅವನ ಒಡೆಯನಿಗೆ ಇದ್ದ ಒಂದು ಗುಣವನ್ನು ಮಾತ್ರ ನಾವು ಕಲಿಯಬಹುದು. ಬಹುಮಾನವನ್ನು ತಾನೇ ಗೊತ್ತು ಮಾಡಿ ಕಳಿಸದೆ, ಆ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು, ನಿನಗೇನು ಬೇಕು ಎಂದು ಅವನು ಕೇಳಿದ. ಉತ್ತರ ವಿಚಿತ್ರವಾಗಿ ಕಂಡರೂ ಕೊಟ್ಟ. ಮರಳಿ ಬಂದವರಿಗೆ ಸಲ್ಲಬೇಕಾದ ಗೌರವದ ಮೊದಲ ಪಾಠ ಅದು, ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ಬರೆದಿಟ್ಟದ್ದು. ಕಲ್ಲು ಕಡೆಯುವ ಕೆಲಸ ಆಮೇಲೆ ಇದ್ದೇ ಇದೆ, ಕೇಳುವ ಕೆಲಸವನ್ನು ಅವರು ಬದುಕಿರುವಾಗಲೇ ಮಾಡಬೇಕು.